ಬಣ್ಣ ಬಿಟ್ಟು ಈಜು ನೋಡಿದೆ: ಹವಳದ ಮೀನು ಗುರುತಿಸಲು ಕಲಿತ ಬಗೆ

ಹವಳದ ಮೀನುಗಳನ್ನು ನಾನು ಅರ್ಧಕ್ಕರ್ಧ ಕಲಿತದ್ದು ಬೆಂಗಳೂರಿನಲ್ಲೇ, ಅಕ್ವೇರಿಯಂ ಅಂಗಡಿಗಳ ಉಪ್ಪುನೀರಿನ ತೊಟ್ಟಿಗಳ ಮುಂದೆ ನಿಂತು. ನೇತ್ರಾಣಿ ದ್ವೀಪದ ಹವಳ ನೋಡಬೇಕೆಂದರೆ ರಾತ್ರಿ ಬಸ್ಸು ಹತ್ತಿ ಮುರುಡೇಶ್ವರ ಸೇರಿ, ಅಲ್ಲಿಂದ ದೋಣಿ ಹಿಡಿಯಬೇಕು. ಮಳೆಗಾಲದಲ್ಲಿ ಅದೂ ಬಂದ್. ಇಷ್ಟೆಲ್ಲ ಮಾಡಿ ನೀರಿಗಿಳಿದರೆ ಸಿಗುವ ಹೊತ್ತು ಸ್ವಲ್ಪವೇ. ಹಾಗಾಗಿ ಕಣ್ಣು ಮೊದಲೇ ಪಳಗಿರಬೇಕು.

ಮೊದಲು ಬಿಟ್ಟದ್ದು ಬಣ್ಣದ ಮೋಹ. ನೀರು ಕೆಂಪು ಬೆಳಕನ್ನು ಎಲ್ಲಕ್ಕಿಂತ ಮುಂಚೆ ಹೀರುವುದರಿಂದ ಕೆಲವೇ ಮೀಟರ್ ಕೆಳಗಿನ ಕೆಂಪು ಮೀನು ಮಂಕು ಕಂದಾಗಿ ಕಾಣುತ್ತದೆ. ಸಾಲದ್ದಕ್ಕೆ ಮರಿಗಳ ವೇಷವೇ ಬೇರೆ. ಎಂಪರರ್ ಏಂಜೆಲ್ ಮರಿಗೆ ಕಡುನೀಲಿ ಮೈಮೇಲೆ ಬಿಳಿ ಸುತ್ತುಗಳಿದ್ದರೆ, ಬೆಳೆದದ್ದಕ್ಕೆ ಉದ್ದುದ್ದ ಹಳದಿ ಗೆರೆಗಳು. ಗಾತ್ರವನ್ನೂ ನಂಬುವಂತಿಲ್ಲ, ನೀರೊಳಗೆ ಮಾಸ್ಕ್ ಹಾಕಿ ನೋಡಿದರೆ ಎಲ್ಲವೂ ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ.

ಲಾಲ್‌ಬಾಗಿನಲ್ಲಿ ಹಕ್ಕಿ ನೋಡುವಾಗ ರೂಢಿಯಾದ ಕ್ರಮವನ್ನೇ ನೀರಿಗೂ ಒಯ್ದೆ: ಮೊದಲು ಚಲನೆ, ಆಮೇಲೆ ಮಿಕ್ಕದ್ದು. ಬಾಲವನ್ನು ಹೆಚ್ಚು ಆಡಿಸದೆ ಎದೆಯ ರೆಕ್ಕೆ ಬಡಿಯುತ್ತ ಸಾಗಿದರೆ ಬಹುಮಟ್ಟಿಗೆ ರಾಸ್ ಇಲ್ಲವೇ ಪ್ಯಾರಟ್ ಫಿಶ್. ಕವಲೊಡೆದ ಹವಳದ ಮೇಲೆ ಗುಂಪಾಗಿ ತೇಲುತ್ತಿದ್ದು, ನಾವು ಹತ್ತಿರ ಬಂದೊಡನೆ ಸಂದಿಗೆ ನುಗ್ಗಿದರೆ ಡ್ಯಾಮ್ಸೆಲ್. ತಟ್ಟೆಯಂತೆ ಚಪ್ಪಟೆಯಾಗಿ, ಕಣ್ಣಿನ ಮೇಲೆ ಕಪ್ಪು ಪಟ್ಟಿಯಿದ್ದು, ಜೋಡಿಯಾಗಿ ಓಡಾಡಿದರೆ ಬಟರ್‌ಫ್ಲೈ. ತಳದಲ್ಲಿ ಕೂತ ಪುಟಾಣಿಗಳದ್ದೇ ಕಷ್ಟ. ಬೆನ್ನಿನ ಮೇಲೆ ಬಿಡಿಬಿಡಿಯಾಗಿ ಎರಡು ರೆಕ್ಕೆ ಕಂಡರೆ ಗೋಬಿ, ಉದ್ದಕ್ಕೂ ಒಂದೇ ಇದ್ದರೆ ಬ್ಲೆನಿ ಎಂದುಕೊಳ್ಳುತ್ತೇನೆ.

ರಾಸ್, ಡ್ಯಾಮ್ಸೆಲ್ ಎಂದು ಕುಟುಂಬ ಸಿಕ್ಕ ಮೇಲೆ ನೋಡುವುದು ಬಾಲ. ಅಂಡಮಾನಿನ ಎಲಿಫೆಂಟ್ ಬೀಚಿನಲ್ಲಿ ಪಟ್ಟೆಪಟ್ಟೆಯ ಸಾರ್ಜೆಂಟ್ ಮೀನುಗಳು ಸುತ್ತ ಮುತ್ತಿಕೊಳ್ಳುತ್ತವೆ. ಪಟ್ಟೆ ಎಣಿಸುತ್ತ ಕೂತರೆ ಆಗದ ಮಾತು. ಬಾಲದ ಎರಡೂ ಕವಲಿನಲ್ಲಿ ಕಪ್ಪು ಗೆರೆ ಇದ್ದರೆ ಸಿಸರ್‌ಟೇಲ್. ಗೆರೆಯಿಲ್ಲದೆ ಬೆನ್ನು ಹಳದಿಯಾಗಿದ್ದರೆ ಇಂಡೋ-ಪೆಸಿಫಿಕ್ ಸಾರ್ಜೆಂಟ್. ಎಲ್ಲರೂ ಅದಲುಬದಲು ಮಾಡುವ ಇನ್ನೊಂದು ಜೋಡಿಗೂ ಬಾಲವೇ ಸಾಕು: ಮೂರಿಶ್ ಐಡಲ್‌ದು ಕಪ್ಪು, ಉದ್ದರೆಕ್ಕೆಯ ಬ್ಯಾನರ್ ಫಿಶ್‌ದು ಹಳದಿ.

ಕ್ಯಾಮೆರಾ ಒಯ್ಯುವುದಿಲ್ಲ. ಅದು ಕೈಲಿದ್ದರೆ ಮೀನು ನೋಡುವುದನ್ನೇ ಮರೆಯುತ್ತೇವೆ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬಹಳ ಜನ ಇದ್ದಾರೆ. ನನ್ನ ಬಳಿ ಇರುವುದು ಪ್ಲಾಸ್ಟಿಕ್ ಹಲಗೆ, ಪೆನ್ಸಿಲ್. ಹೆಸರು ಬರೆಯುವ ಬದಲು ಮೈಯ ಹೊರಗೆರೆ ಎಳೆದು ಕಂಡ ಗುರುತುಗಳನ್ನು ಅದರಲ್ಲೇ ತುಂಬುತ್ತೇನೆ.

ಚಲನೆ ನೋಡುವ ಈ ಉಪಾಯವೂ ಕೈಕೊಡುವ ಒಂದು ಜಾಗವಿದೆ, ನನಗೆ ಅತಿ ಇಷ್ಟವಾದದ್ದೂ ಅದೇ. ನೀಲಿ ಮೈಗೆ ಕಪ್ಪು ಪಟ್ಟಿಯ ಕ್ಲೀನರ್ ರಾಸ್ ಕುಣಿಯುತ್ತ ಬಂದು ದೊಡ್ಡ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತದೆ. ಅವೂ ಬಾಯಿ ತೆರೆದು ನಿಂತು ಒಳಗೆ ಬಿಟ್ಟುಕೊಳ್ಳುತ್ತವೆ. ಇದರ ಬಣ್ಣ, ಕುಣಿತ ಎರಡನ್ನೂ ನಕಲು ಮಾಡುವ ಬ್ಲೆನಿಯೊಂದಿದೆ. ಅದು ಶುಚಿ ಮಾಡುವುದಿಲ್ಲ, ಹತ್ತಿರ ಬಿಟ್ಟುಕೊಂಡವರ ರೆಕ್ಕೆಯನ್ನೇ ಕಚ್ಚುತ್ತದೆ. ವ್ಯತ್ಯಾಸ ಬಾಯಿಯಲ್ಲಿ: ರಾಸ್‌ಗೆ ಮೂತಿಯ ತುದಿಯಲ್ಲಿ, ನಕಲಿಗೆ ಮೂತಿಯ ಕೆಳಗೆ. ಮೇಲೆ ತೇಲುತ್ತ ನೇರ ಕೆಳಗೆ ನೋಡಿದರೆ ಇದು ಕಾಣದು. ಸ್ವಲ್ಪ ದೂರ ಸರಿದು, ಅದು ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು. ತಿರುಗದಿದ್ದರೆ ಹಲಗೆಯ ಮೇಲೆ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗುತ್ತೇನೆ.