ಓದು ಅಂದರೆ ಓಡುವವರಿಗೆ ಹಳೇ ಸ್ಪ್ಯಾನಿಷ್ ಕಥೆಗಳು

ನಾನು ಬೆಂಗಳೂರಿನಲ್ಲಿ ಕೆಲಸ ಮುಗಿಸಿ ಸಂಜೆ ಬರುವವರಿಗೆ ಸ್ಪ್ಯಾನಿಷ್ ಹೇಳಿಕೊಡುತ್ತೇನೆ. ಮಾತಾಡೋಕೆ ಎಲ್ಲರೂ ರೆಡಿ. ಓದಿ ಅಂದರೆ ಮಾತ್ರ ಮುಖ ಸಣ್ಣದಾಗುತ್ತದೆ. ಅವರದೇನು ತಪ್ಪು? ಪಠ್ಯಪುಸ್ತಕದ ತುಂಬ ಏರ್‌ಪೋರ್ಟು, ಹೋಟೆಲ್ ಬುಕಿಂಗು. ಮುಂದೇನಾಯ್ತು ಅಂತ ಯಾರಿಗೆ ಕುತೂಹಲ?

ಹಳೇ ಸಾಹಿತ್ಯ ಅಂದ ಕೂಡಲೇ ಎಲ್ಲರ ಬಾಯಲ್ಲೂ ಸರ್ವಾಂತೆಸ್‌ನ ಕಾದಂಬರಿ 'ಡಾನ್ ಕಿಹೋತೆ'. 126 ಅಧ್ಯಾಯ! ನಾನು ಅದನ್ನು ಆಮೇಲಕ್ಕೆ ಇಟ್ಟು, 'ಲಾಸರಿಯೊ ದೆ ತೋರ್ಮೆಸ್'ನಿಂದ ಶುರು ಮಾಡುತ್ತೇನೆ. 1554ರ ಪುಟ್ಟ ಪುಸ್ತಕ, ಬರೆದವರ ಹೆಸರಿಲ್ಲ. ಪಾದ್ರಿಗಳನ್ನು ಚೆನ್ನಾಗಿ ಗೇಲಿ ಮಾಡುತ್ತದೆ, 1559ರಲ್ಲಿ ಇನ್‌ಕ್ವಿಸಿಷನ್ನಿನ (ಚರ್ಚಿನ ಧರ್ಮವಿಚಾರಣಾ ನ್ಯಾಯಾಲಯ) ನಿಷೇಧದ ಪಟ್ಟಿಗೂ ಸೇರಿತು. ನಿಷೇಧ ಅಂದ ಮೇಲೆ ಕ್ಲಾಸು ನೆಟ್ಟಗೆ ಕೂರುತ್ತದೆ, ಅಲ್ವಾ?

ಕೊಡುವುದು ಒಂದೇ ಪ್ರಸಂಗ. ಕುರುಡ ಭಿಕ್ಷುಕ, ಅವನ ಕೈಹಿಡಿದು ನಡೆಸುವ ಹುಡುಗ ಲಾಸಾರೊ. ಅಲ್ಮೊರೋಸ್ ಊರಲ್ಲಿ ಒಂದು ದ್ರಾಕ್ಷಿ ಗೊಂಚಲು ಸಿಗುತ್ತದೆ. ಇಬ್ಬರೂ ಒಂದೊಂದೇ ತಿನ್ನೋಣ ಅಂತ ಮಾತಾಗುತ್ತದೆ. ಸ್ವಲ್ಪ ಹೊತ್ತಿಗೆ ಕುರುಡ ಎರಡೆರಡು ಕೀಳುತ್ತಾನೆ. ಹುಡುಗ ಸುಮ್ನೆ ಇರುತ್ತಾನಾ, ಮೂರು ಮೂರು ಬಾಯಿಗೆ ಹಾಕುತ್ತಾನೆ. ಗೊಂಚಲು ಮುಗಿದ ಮೇಲೆ ಕುರುಡ, ನೀನು ಮೂರು ಮೂರು ತಿಂದೆ ಅನ್ನುತ್ತಾನೆ. ಪ್ರಿಂಟನ್ನು ನಾನು ಅಲ್ಲಿಗೆ ಕತ್ತರಿಸಿರುತ್ತೇನೆ. ಕಣ್ಣು ಕಾಣದವನಿಗೆ ಹೇಗೆ ಗೊತ್ತಾಯ್ತು? ಸದ್ದಿನಿಂದ, ಬೀಜ ಎಣಿಸಿ, ಏನೇನೋ ಊಹೆ ಬರುತ್ತವೆ, ಅದೂ ಸ್ಪ್ಯಾನಿಷ್‌ನಲ್ಲೇ. ಆಮೇಲೆ ಉಳಿದ ಸಾಲು ಕೊಡುತ್ತೇನೆ: ನೀನು ಮೂರು ಮೂರು ತಿಂದೆ ಅಂತ ಹೇಗೆ ಗೊತ್ತಾಯ್ತು ಗೊತ್ತಾ? ನಾನು ಎರಡೆರಡು ತಿನ್ನುತ್ತಿದ್ದೆ, ನೀನು ಸುಮ್ಮನಿದ್ದೆಯಲ್ಲ! ಆ ಒಂದು ಸಾಲಿನಲ್ಲೇ ಸ್ಪ್ಯಾನಿಷ್‌ನ ಎರಡು ಮುಖ್ಯ ಭೂತಕಾಲಗಳೂ ಇವೆ: 'ತಿಂದೆ' ಅನ್ನೋದು ಒಂದು, 'ತಿನ್ನುತ್ತಿದ್ದೆ' ಅನ್ನೋದು ಇನ್ನೊಂದು. ವ್ಯಾಕರಣದ ಮಾತು ತೆಗೆಯುವುದು ನಗು ಮುಗಿದ ಮೇಲೆ.

ಸಿದ್ಧತೆ ಜಾಸ್ತಿ ಇಲ್ಲ. ಹಳೇ ಕಾಗುಣಿತವನ್ನು ಈಗಿನದಕ್ಕೆ ತಿದ್ದಿ, ಕಷ್ಟದ ಪದಗಳಿಗೆ ಪಕ್ಕದಲ್ಲೇ ಕನ್ನಡ ಅರ್ಥ ಬರೆಯುತ್ತೇನೆ. ಮೊದಲು ನಾನೇ ಗಟ್ಟಿಯಾಗಿ ಓದುತ್ತೇನೆ. ಮೊಬೈಲು ಬ್ಯಾಗಿನಲ್ಲಿರಬೇಕು.

ಮುಂದಿನದು ದೊನ್ ಹುವಾನ್ ಮನುಯೆಲ್ 1335ರಲ್ಲಿ ಮುಗಿಸಿದ 'ಎಲ್ ಕೊಂದೆ ಲುಕನೋರ್' ಕಥಾಸಂಗ್ರಹದ ಒಂದು ಕಥೆ. ತಲೆ ಮೇಲೆ ಜೇನಿನ ಗಡಿಗೆ ಹೊತ್ತು ಸಂತೆಗೆ ಹೊರಟ ತ್ರುಹಾನಾ, ಜೇನು ಮಾರಿ ಮೊಟ್ಟೆ, ಮೊಟ್ಟೆಯಿಂದ ಕೋಳಿ, ಕೋಳಿಯಿಂದ ಕುರಿ, ಕೊನೆಗೆ ಮಕ್ಕಳ ಮದುವೆವರೆಗೂ ಲೆಕ್ಕ ಹಾಕಿ, ಖುಷಿಗೆ ಹಣೆ ಬಡಿದುಕೊಂಡು ಗಡಿಗೆ ಬೀಳಿಸುತ್ತಾಳೆ. ಅರ್ಧಕ್ಕೇ ಯಾರಾದರೂ, 'ಸರ್, ಇದು ನಮ್ಮ ಪಂಚತಂತ್ರ' ಅನ್ನುತ್ತಾರೆ. ಹೌದು! ಪಂಚತಂತ್ರ ಪರ್ಷಿಯದ ಹಳೇ ಭಾಷೆ ಪಹ್ಲವಿ, ಆಮೇಲೆ ಅರಬ್ಬಿ ದಾಟಿ 1251ರ ಹೊತ್ತಿಗೆ ಸ್ಪೇನಿನ ಭಾಷೆಗೆ ಬಂದಿತ್ತು. ಕನ್ನಡದಲ್ಲಿ ದುರ್ಗಸಿಂಹ ಅದಕ್ಕೂ ಮೊದಲೇ, 11ನೇ ಶತಮಾನದಲ್ಲಿ ಬರೆದಾಗಿತ್ತು. ಕಥೆ ಗೊತ್ತಿದ್ದರೆ ಗೊತ್ತಿಲ್ಲದ ಪದಕ್ಕೆ ಹೆದರುವುದು ಕಡಿಮೆ. ಇದನ್ನು ನಾನು ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ.

ಕೊನೆಗೆ 'ಡಾನ್ ಕಿಹೋತೆ', ಅದೂ ಎಂಟನೇ ಅಧ್ಯಾಯ ಮಾತ್ರ. ಗಾಳಿಯಂತ್ರಗಳನ್ನು ರಾಕ್ಷಸರು ಅಂದುಕೊಂಡು ಕಿಹೋತೆ ಮೇಲೆ ನುಗ್ಗುವುದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಅಧ್ಯಾಯದ ಕೊನೆ. ಇಬ್ಬರು ಕತ್ತಿ ಎತ್ತಿ ನಿಂತಿರುವಾಗ, ಮುಂದಿನ ಕಥೆ ಎಲ್ಲೂ ಬರೆದಿಟ್ಟಿಲ್ಲ ಅಂತ ಸರ್ವಾಂತೆಸ್ ಕೈಚೆಲ್ಲಿಬಿಡುತ್ತಾನೆ. ಕ್ಲಾಸಿಗೆ ಸಿಟ್ಟು ಬರುತ್ತದೆ. ಒಂಬತ್ತನೇ ಅಧ್ಯಾಯವನ್ನು ಆ ದಿನ ನಾನು ಪ್ರಿಂಟ್ ಮಾಡಿಸಿರುವುದಿಲ್ಲ, ಬೇಕಂತಲೇ.