ಹಳೇ ನಿಕಾನ್ ಲೆನ್ಸಿಗೆ ಯಾವ ಬಾಡಿ ತಗೋಬೇಕು?

ಮನೆಯಲ್ಲಿ ಹಳೇ ನಿಕಾನ್ ಮ್ಯಾನ್ಯುವಲ್ ಲೆನ್ಸ್ ಇದ್ದವರು ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ಬಾಡಿಯನ್ನೇ ನೋಡ್ರಿ. ಈ ಹಳೇ ನಿಕಾನ್ ಎಫ್ ಲೆನ್ಸಿಗೆ ಮೌಂಟಿನಿಂದ, ಅಂದರೆ ಲೆನ್ಸ್ ಕೂರುವ ಬಳೆಯಿಂದ, ಸೆನ್ಸರಿಗೆ 46.5 ಮಿ.ಮೀ. ಅಂತರ ಬೇಕು, ಸೋನಿ ಮಿರರ್‌ಲೆಸ್‌ನ ಇ ಮೌಂಟಿನಲ್ಲಿ ಇರುವುದು 18 ಮಾತ್ರ. ಉಳಿದ 28.5 ಮಿ.ಮೀ. ಜಾಗವನ್ನು ಗಾಜಿಲ್ಲದ ಅಡಾಪ್ಟರ್ ತುಂಬುತ್ತದೆ. ಅದು ಕೂದಲೆಳೆಯಷ್ಟು ಗಿಡ್ಡವಿದ್ದರೆ ಫೋಕಸ್ ರಿಂಗ್ ಇನ್ಫಿನಿಟಿ (ಅತಿ ದೂರದ ಫೋಕಸ್) ದಾಟಿ ತಿರುಗುತ್ತದೆ, ಅಡ್ಡಿಯಿಲ್ಲ. ಉದ್ದವಿದ್ದರೆ ಮಾತ್ರ ಬಾದಾಮಿಯ ಅಗಸ್ತ್ಯ ತೀರ್ಥದ ಆಚೆ ದಂಡೆಯ ಭೂತನಾಥ ಗುಡಿ ಏನು ಮಾಡಿದರೂ ಶಾರ್ಪ್ ಬರುವುದಿಲ್ಲ.

ಹಳೇ ಲೆನ್ಸ್ ಹಾಕಿದ್ದು ಬಾಡಿಗೆ ಗೊತ್ತಾಗದು. ಹಾಗಾಗಿ ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಆನ್ ಮಾಡ್ರಿ, ಇಲ್ಲದಿದ್ದರೆ ಕ್ಲಿಕ್ಕೇ ಆಗದು. ಬಾಡಿಯಲ್ಲಿ ಸ್ಟೆಬಿಲೈಜರ್ (ಕೈ ನಡುಕ ತಡೆಯುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂತ್, ಅಂದರೆ ಲೆನ್ಸಿನ ಮೇಲೆ ಬರೆದ ಮಿ.ಮೀ., ನೀವೇ ತುಂಬಬೇಕು: 50 ಲೆನ್ಸಿಗೆ 50, ಕ್ರಾಪ್ (ಚಿಕ್ಕ) ಸೆನ್ಸರ್ ಆದರೂ ಒಂದೂವರೆ ಪಟ್ಟು ಲೆಕ್ಕ ಹಾಕಿ 75 ಅಲ್ಲ. ಫೋಕಸ್ ಪೀಕಿಂಗ್ (ಶಾರ್ಪ್ ಇರುವ ಅಂಚಿಗೆ ಪರದೆಯಲ್ಲಿ ಬಣ್ಣ ತೋರಿಸುವುದು) ಒಂದನ್ನೇ ನಂಬಬೇಡ್ರಿ, ಎಫ್ 1.8ರಷ್ಟು ಅಗಲ ತೆರೆದ ಅಪರ್ಚರಿನಲ್ಲಿ ಮ್ಯಾಗ್ನಿಫೈ ಮಾಡಿ ಕಣ್ರೆಪ್ಪೆ ನೋಡಿಯೇ ಒತ್ತಬೇಕು.