‘ಚಿಂದಿ’ಗೆ ಇನ್ನೊಂದು ಅರ್ಥ ಸೇರಿಸಿದೆ

ಬಿಡುವಾದಾಗ ವಿಕ್ಷನರಿಗೆ, ಅಂದರೆ ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಿಘಂಟಿಗೆ, ಪದ ಸೇರಿಸುತ್ತಿರುತ್ತೇನೆ. ಹೊಸ ಪದವಾದರೆ ಕೆಲಸ ಸಲೀಸು. ಹಳೇ ಪದಕ್ಕೆ ಹೊಸ ಅರ್ಥ ಹುಟ್ಟಿಕೊಂಡಾಗಲೇ ತಲೆನೋವು. ಚಿಂದಿ ಅಂದರೆ ಹರಕು ಬಟ್ಟೆ, ಸರಿ. ‘ಬಿರಿಯಾನಿ ಚಿಂದಿ ಗುರು’ ಅಂದರೆ?

ಮೊದಲು ಹಳೇ ಅರ್ಥವನ್ನೇ ವಾಕ್ಯದಲ್ಲಿ ಕೂರಿಸಿ ನೋಡುತ್ತೇನೆ. ‘ಬೌಲರ್‌ಗಳನ್ನು ಚಿಂದಿ ಮಾಡಿದ’ ಅಂದರೆ ಹರಿದು ಹಾಕಿದ. ಸರಿಯಾಗಿ ಕೂರುತ್ತದೆ, ಬೇರೆ ಅರ್ಥ ಕೊಡುವ ಅಗತ್ಯವಿಲ್ಲ. ‘ಚಿಂದಿ ಬ್ಯಾಟಿಂಗ್’ ಬಂದಾಗ ಗೊಂದಲ ಶುರು. ಎದುರಾಳಿಯನ್ನು ಹರಿದು ಹಾಕಿದ ಬ್ಯಾಟಿಂಗೋ, ಭಾರಿ ಚೆನ್ನಾಗಿರುವ ಬ್ಯಾಟಿಂಗೋ? ಎರಡೂ ಒಪ್ಪುತ್ತವೆ. ಅರ್ಥ ಜಾರಿದ್ದು ಇಂಥ ಕಡೆಯೇ ಇರಬೇಕು ಅಂತ ನನ್ನ ಊಹೆ. ಬಿರಿಯಾನಿಯಲ್ಲಿ ಹರಿಯುವುದಕ್ಕೆ ಏನಿದೆ? ಅಲ್ಲಿ ಹಳೇ ಅರ್ಥ ಕೂರುವುದೇ ಇಲ್ಲ. ಕನ್ನಡ ಕಲಿಯುವವರು ನಿಘಂಟು ತೆಗೆದು ‘ಹರಕು ಬಟ್ಟೆ’ ಅಂತ ಓದಿಕೊಂಡರೆ ಆ ಬಿರಿಯಾನಿ ಮುಟ್ಟಲಿಕ್ಕಿಲ್ಲ! ಹಾಗಾಗಿ ಪ್ರತ್ಯೇಕ ಅರ್ಥ ಬೇಕೇ ಬೇಕು.

ಆಧಾರ ಎಲ್ಲಿಂದ ತರುವುದು? ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಅರ್ಥದ ಜೊತೆ ಪ್ರಯೋಗವೂ, ಅಂದರೆ ಆ ಪದ ಬಳಸಿದ ವಾಕ್ಯವೂ, ಇರುತ್ತದೆ. ಹಳೇ ಪದಕ್ಕೆ ಶಾಸನ, ಕಾವ್ಯ ಸಿಗುತ್ತವೆ. ಬೀದಿ ಮಾತಿಗೆ ಅವು ಎಲ್ಲಿ ಸಿಗಬೇಕು? ಇಂಗ್ಲಿಷ್ ವಿಕ್ಷನರಿಯಲ್ಲಿ ಇಂಗ್ಲಿಷ್ ಪದಗಳಿಗೊಂದು ನಿಯಮವಿದೆ: ಸಾಮಾನ್ಯವಾಗಿ ಬೇರೆ ಬೇರೆಯವರು ಬರೆದ ಕನಿಷ್ಠ ಮೂರು ಪ್ರಯೋಗ ಬೇಕು, ಅವು ಕನಿಷ್ಠ ಒಂದು ವರ್ಷದ ಅವಧಿಯಲ್ಲಿ ಹರಡಿರಬೇಕು. ನಾನೂ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಪದದ ಅರ್ಥ ವಿವರಿಸುತ್ತಾ ಬರೆದ ವಾಕ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಓದುಗನಿಗೆ ಗೊತ್ತೇ ಇದೆ ಅನ್ನೋ ಧೈರ್ಯದಲ್ಲಿ ಸುಮ್ನೆ ಬಳಸಿರಬೇಕು. ಸಿನಿಮಾ ವಿಮರ್ಶೆ, ಕ್ರಿಕೆಟ್ ವರದಿಗಳಲ್ಲಿ ಇಂಥವು ಸಿಕ್ಕವು.

‘ಪೋಲಿ ಹುಡುಗರ ಭಾಷೆ, ನಿಘಂಟಿಗೆ ಯಾಕೆ?’ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೇ ಅಲ್ವಾ ‘ಆಡುಮಾತು’ ಅನ್ನೋ ಗುರುತು ಇರೋದು? ಅರ್ಜಿಯಲ್ಲಿ ಬರೆಯಬೇಡಿ ಅಂತ ಆ ಗುರುತೇ ಹೇಳುತ್ತದೆ. ಊರಿನ ಹೆಸರು ಮಾತ್ರ ಹಾಕಲಿಲ್ಲ. ಬೆಂಗಳೂರಲ್ಲಿ ಜಾಸ್ತಿ ಕೇಳಿದ್ದೇನೆ ನಿಜ, ಆದರೆ ನಾನಿರುವುದೂ ಅಲ್ಲೇ.

ಕೊನೆಗೆ ಬರೆದದ್ದು ಹೀಗೆ: ‘೨. (ಆಡುಮಾತು) ತುಂಬ ಚೆನ್ನಾಗಿರುವ, ಅಬ್ಬರದ.’ ‘ಚಿಂದಿ ಚಿತ್ರಾನ್ನ’ಕ್ಕೆ ಬೇರೆಯೇ ನಮೂದು ಬೇಕು. ಅಲ್ಲಿ ಆಗುವುದು ಒಳ್ಳೆಯದಲ್ಲ, ಎಕ್ಕುಟ್ಟಿ ಹೋಗುವುದು. ‘ಮೀಟರ್’ಗೆ ‘ಧೈರ್ಯ’ ಅನ್ನೋ ಅರ್ಥವನ್ನು ಇನ್ನೂ ತಡೆಹಿಡಿದಿದ್ದೇನೆ. ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ, ಬರಹದಲ್ಲಿ ನನಗೆ ಸಿಕ್ಕಿದ್ದು ಸಾಲದು.